ಹಿಮದ ಮನೆಯೊಳಗೆ ದೀಪ ಉರಿದರೂ ಗೋಡೆ ಯಾಕೆ ಕರಗಲ್ಲ? ಇನುಯಿಟ್ ಚಳಿಗಾಲದ ಮನೆ, ದೀಪ, ಉಡುಪು

ನೀಲಾಂಜನ

ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಸೀಮೆಯ ಮೂಲನಿವಾಸಿಗಳಾದ ಇನುಯಿಟರ ಹಿಮದ ಮನೆ ಇಗ್ಲೂ. ಮಕ್ಕಳ ಚಿತ್ರಪುಸ್ತಕದಲ್ಲಿ ಅದು ಅಂದ್ರೆ ಬಿಳಿ ಅರ್ಧಗೋಳ, ಪಕ್ಕಕ್ಕೊಂದು ಪೆಂಗ್ವಿನ್. ಪೆಂಗ್ವಿನ್ ಇರೋದು ಭೂಮಿಯ ಆ ತುದಿಯಲ್ಲಿ ಅನ್ನೋದು ಬೇರೆ ಮಾತು. ನನಗೆ ಬೇಕಿರೋದು ಮೂರು ವಿಷಯ. ಒಳಗೆ ದೀಪ ಉರೀತಿರುತ್ತೆ, ಐದಾರು ಜನ ಮಲಗಿರ್ತಾರೆ, ಆದ್ರೂ ಗೋಡೆ ಕರಗಿ ತಲೆ ಮೇಲೆ ಬೀಳಲ್ಲ, ಯಾಕೆ? ಕಂಬ, ತೊಲೆ, ಸೆಂಟ್ರಿಂಗ್ ಏನೂ ಇಲ್ಲದೆ ಗುಮ್ಮಟ ಹೇಗೆ ನಿಲ್ಲುತ್ತೆ? ಮೈನಸ್ 40ರಲ್ಲಿ, ಸೀಲ್ ಅನ್ನೋ ಕಡಲಪ್ರಾಣಿ ಮಂಜುಗಡ್ಡೆಯಲ್ಲಿ ಇಟ್ಟುಕೊಳ್ಳೋ ಉಸಿರುತೂತಿನ ಪಕ್ಕ ಗಂಟೆಗಟ್ಟಲೆ ಅಲುಗಾಡದೆ ನಿಲ್ಲೋ ಬೇಟೆಗಾರ ಏನು ಹಾಕ್ಕೊಂಡಿರ್ತಾನೆ?

ಕೆನಡಾದ ಆರ್ಕ್ಟಿಕ್ ನಡುಭಾಗದ ಹಳೇ ಬದುಕಿನ ಬಗ್ಗೆ ಹೇಳಿದರೆ ಸಾಕು, ಅಂದರೆ ಇಗ್ಲೂಲಿಕ್, ನೆಟ್ಸಿಲಿಕ್ ಅನ್ನೋ ಇನುಯಿಟ್ ಗುಂಪುಗಳ ಕಡೆ. ಮೇಲುಮೇಲಿನ ಉತ್ತರ ಬೇಡ, ಅಳತೆ ಸಮೇತ ಬೇಕು.

ಕಮಾನುಗಾರ

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಏಕೆಂದರೆ ಮನೆ ನಿಂತ ಮೇಲೆ ತಾನೇ ದೀಪದ ಮಾತು.

ಮೊದಲು ಹಿಮದ ಆಯ್ಕೆ. ಹೊಸದಾಗಿ ಬಿದ್ದ ಹಿಮ ಕತ್ತರಿಸಲಿಕ್ಕೆ ಬರಲ್ಲ, ಪುಡಿಯಾಗುತ್ತೆ. ಗಾಳಿ ಹೊಡೆದು ಹೊಡೆದು ಗಟ್ಟಿ ಮಾಡಿದ ದಿಬ್ಬ ಬೇಕು. ಮೇಲೆ ನಡೆದರೆ ಹೆಜ್ಜೆ ಗುರುತು ತೆಳ್ಳಗೆ ಮೂಡಬೇಕು, ಕಾಲು ಹೂತುಹೋಗಬಾರದು. ಅದಕ್ಕಿಂತ ಮುಖ್ಯ, ಆ ದಿಬ್ಬ ಒಂದೇ ಬಿರುಗಾಳಿಯಲ್ಲಿ ಆಗಿರಬೇಕು. ಎರಡು ಮೂರು ಸಲ ಬಿದ್ದ ಹಿಮ ಪದರ ಪದರವಾಗಿರುತ್ತೆ, ಇಟ್ಟಿಗೆ ಎತ್ತುವಾಗ ಆ ಗೆರೆಯಲ್ಲೇ ಬಿಟ್ಟುಕೊಳ್ಳುತ್ತೆ. ಇದನ್ನು ಪತ್ತೆ ಹಚ್ಚಲು ಕ್ಯಾರಿಬು (ಅಲ್ಲಿನ ಕಾಡು ಹಿಮಸಾರಂಗ) ಕೊಂಬಿನದೋ ಮರದ್ದೋ ಒಂದು ಮೀಟರ್ ಆಸುಪಾಸಿನ ಸಪೂರ ಕೋಲನ್ನು ಹಿಮಕ್ಕೆ ಚುಚ್ಚುತ್ತಾರೆ. ಕೊನೆತನಕ ಒಂದೇ ಸಮ ಬಿಗಿಯಾಗಿ ಇಳಿದರೆ ಒಳ್ಳೆ ಹಿಮ. ನಡುವೆ ತಟಕ್ಕನೆ ಒಳಗೆ ಹೋದರೆ ಅಲ್ಲಿ ಸಡಿಲು ಪದರ ಇದೆ, ತಡೆದು ನಿಂತರೆ ಮಂಜುಗಡ್ಡೆ. ಒಂದು ಮನೆಗಾಗಿ ಹತ್ತಾರು ಕಡೆ ಚುಚ್ಚಿ ನೋಡೋದು ಮಾಮೂಲಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತೆ, ಕೆಟ್ಟ ಹಿಮದಲ್ಲಿ ಎಂಥ ಕೈಗಾರನೂ ಮನೆ ಕಟ್ಟಲಾರ.

ಆಮೇಲೆ ವೃತ್ತ. ಒಂದು ರಾತ್ರಿಯ ತಂಗುಮನೆಗೆ ಎರಡು ಎರಡೂವರೆ ಮೀಟರ್ ಅಡ್ಡಗಲ ಸಾಕು, ಸಂಸಾರ ಚಳಿಗಾಲ ಕಳೆಯೋ ಮನೆಗೆ ನಾಲ್ಕು ಮೀಟರ್ ಆಸುಪಾಸು. ಕಟ್ಟುವವನು ವೃತ್ತದ ಒಳಗೆ ನಿಂತು, ತನ್ನ ಕಾಲಡಿಯ ಹಿಮವನ್ನೇ ಇಟ್ಟಿಗೆಯಾಗಿ ಕತ್ತರಿಸ್ತಾನೆ. ಇದರಲ್ಲಿ ಎರಡು ಲಾಭ: ಇಟ್ಟಿಗೆ ಹೊತ್ತು ತರೋ ಕೆಲಸವಿಲ್ಲ, ನೆಲ ಕೆಳಗಿಳಿದಷ್ಟೂ ಗೋಡೆ ತಾನಾಗೇ ಎತ್ತರವಾಗುತ್ತೆ. ಇಟ್ಟಿಗೆಯ ಉದ್ದ 60ರಿಂದ 90 ಸೆಂಟಿಮೀಟರ್, ಎತ್ತರ 45ರಿಂದ 60, ದಪ್ಪ 15ರಿಂದ 20. ಚೂರಿ ಹಿಂದೆ ಕೊಂಬು, ಎಲುಬು, ವಾಲ್ರಸ್ ಎಂಬ ಕಡಲಪ್ರಾಣಿಯ ದಂತದ್ದು, ಈಗ ಉಕ್ಕಿನದು, ಹೆಸರು ಪನಾ.

ಗುಟ್ಟೆಲ್ಲ ಎರಡನೇ ಸುತ್ತಿನಲ್ಲಿದೆ. ಮೊದಲ ಸುತ್ತು ಇಟ್ಟು ಮುಗಿದ ಮೇಲೆ, ಅದರ ಮೂರು ನಾಲ್ಕು ಇಟ್ಟಿಗೆಗಳ ತಲೆಯನ್ನು ನೆಲಮಟ್ಟದಿಂದ ಪೂರ್ಣ ಎತ್ತರದವರೆಗೆ ಓರೆಯಾಗಿ ಕೊಯ್ದು ಇಳಿಜಾರು ಮಾಡ್ತಾರೆ. ಎರಡನೇ ಸುತ್ತಿನ ಮೊದಲ ಇಟ್ಟಿಗೆ ಈ ಇಳಿಜಾರಿನ ತಳದಲ್ಲಿ ಕೂರುತ್ತೆ. ಅಲ್ಲಿಂದ ಮುಂದೆ ತುದಿವರೆಗೂ ಒಂದೇ ಸುರುಳಿ. ಪ್ರತಿ ಹೊಸ ಇಟ್ಟಿಗೆಗೂ ಕೆಳಗೊಂದು ಆಸರೆ, ಪಕ್ಕಕ್ಕೊಂದು ಆಸರೆ ಸಿಗೋದ್ರಿಂದ ಸೆಂಟ್ರಿಂಗ್ ಬೇಡವೇ ಬೇಡ. ಸುರುಳಿ ಬಿಟ್ಟು ಬಿಡಿ ಬಿಡಿ ವೃತ್ತಗಳಾಗಿ ಕಟ್ಟಿದರೆ ಪ್ರತಿ ಸುತ್ತಿನ ಮೊದಲ ಇಟ್ಟಿಗೆ ಒಂಟಿಯಾಗಿ ನಿಲ್ಲಬೇಕು, ಅದು ಒಳಕ್ಕೆ ಬೀಳುತ್ತೆ.

ಇಟ್ಟಿಗೆಯ ತಳದ ಅಂಚನ್ನು ಮಧ್ಯದಲ್ಲಿ ತುಸು ಹೆರೆದು ಟೊಳ್ಳು ಮಾಡ್ತಾರೆ. ಭಾರ ಎರಡು ಕೆಳಮೂಲೆಗಳ ಮೇಲೆ ಮತ್ತು ಪಕ್ಕದ ಇಟ್ಟಿಗೆಗೆ ತಾಗುವ ಮೇಲಿನ ಮೂಲೆಯ ಮೇಲೆ, ಒಟ್ಟು ಮೂರು ಕಡೆ ನಿಲ್ಲಬೇಕು. ನಡುಭಾಗ ತಾಗಿದರೆ ಇಟ್ಟಿಗೆ ಅದರ ಮೇಲೇ ತಿರುಗಿ ಜಾರುತ್ತೆ. ಕೂರಿಸಿದ ಕೂಡಲೇ ಅಂಗೈಯಿಂದ ಒಂದು ಗುದ್ದು ಕೊಟ್ಟರೆ ತಾಗಿದ ಜಾಗದಲ್ಲಿ ಹಿಮದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೆ ಆ ಕೀಲು ಗಟ್ಟಿ.

ತುದಿಗೆ ಬರುವ ಕೀಲಿ ಇಟ್ಟಿಗೆಯನ್ನು ಉಳಿದ ತೂತಿಗಿಂತ ದೊಡ್ಡದಾಗೇ ಕತ್ತರಿಸ್ತಾರೆ. ಒಳಗಿನಿಂದ ಅದನ್ನು ಓರೆ ಮಾಡಿ ತೂತಿನ ಮೂಲಕ ಹೊರಕ್ಕೆ ತೂರಿಸಿ, ಮೇಲೆ ಅಡ್ಡ ಮಲಗಿಸಿ, ಕೆಳಗಿನಿಂದ ಚೂರಿಯಲ್ಲಿ ಸುತ್ತಲೂ ಹೆರೆಯುತ್ತಾ ಬಂದರೆ ತನ್ನ ಭಾರಕ್ಕೆ ತಾನೇ ಇಳಿದು ಬಿರಡೆಯಾಗಿ ಕೂರುತ್ತೆ. ಅಷ್ಟರಲ್ಲಿ ಹೊರಗಿರೋರು ಸಂದುಗಳಿಗೆ ಮೆತ್ತನೆ ಹಿಮ ತುರುಕಿ, ಬುಡಕ್ಕೆ ಹಿಮ ಒಟ್ಟಿರ್ತಾರೆ. ನುರಿತವನಿಗೆ ಒಂದು ರಾತ್ರಿಯ ಮನೆ ಸುಮಾರು ಒಂದು ಗಂಟೆಯ ಕೆಲಸ.

ಅರ್ಧಗೋಳ ಅಂದ್ರಿ. ಅಲ್ಲ. ಅರ್ಧಗೋಳವಾದರೆ ಕೆಳಭಾಗ ಹೊರಕ್ಕೆ ಉಬ್ಬಿ ಸೀಳುತ್ತೆ. ಸರಪಳಿಯನ್ನು ಎರಡು ತುದಿ ಹಿಡಿದು ಜೋಲಿಸಿದಾಗ ಬರುವ ಬಾಗನ್ನು ತಲೆಕೆಳಗು ಮಾಡಿದ ಆಕಾರಕ್ಕೆ ಇದು ಹತ್ತಿರ. ಆ ಆಕಾರದಲ್ಲಿ ಎಲ್ಲ ಕಡೆಯೂ ಒತ್ತಡವೇ, ಎಳೆತ ಇಲ್ಲ. ಹಿಮ ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಹೊಸಬರು ಮಾಡೋ ತಪ್ಪು ಒಂದೇ: ಮೊದಲ ಎರಡು ಸುತ್ತನ್ನು ನೆಟ್ಟಗೆ ಏರಿಸಿಬಿಡ್ತಾರೆ, ಆಮೇಲೆ ಅಗಲವಾದ ಬಾಯಿ ಮುಚ್ಚಲು ಮಾಡನ್ನು ಚಪ್ಪಟೆ ಮಾಡಬೇಕಾಗುತ್ತೆ. ಅಂಥ ಮಾಡು ದಿನದಿಂದ ದಿನಕ್ಕೆ ಕುಸಿಯುತ್ತೆ. ಮೊದಲ ಸುತ್ತಿನಿಂದಲೇ ಒಳಕ್ಕೆ ವಾಲಿಸಬೇಕು.

ಧಾರವಾಡ ಮಾಸ್ತರ

ಕಮಾನುಗಾರರು ಮನೀ ಕಟ್ಟಿ ಕೊಟ್ರು, ನಾ ದೀಪ ಹಚ್ಚತೀನಿ.

ಗ್ವಾಡಿ ಕರಗೂದಿಲ್ಲ ಅನ್ನೂದ ಪೂರ್ತಿ ಖರೇ ಅಲ್ರೀ. ಮೊದಲ ದಿನ ಬೇಕಂತನ ಕರಗಸತಾರ. ಬಾಗಲಾ ಮುಚ್ಚಿ, ದೀಪಾ ಜೋರ ಮಾಡಿ, ಒಳಮೈ ತ್ವಾಯೂತನಕ ಬಿಡತಾರ. ಆ ನೀರು ಕೆಳಗ ಹನಿಯೂದಿಲ್ಲ, ಹಿಂದಿನ ಒಣಾ ಹಿಮಾ ಹೀರಕೋತದ. ಆಮ್ಯಾಲ ಬಾಗಲಾ ತಗದು ಥಂಡಿ ಗಾಳಿ ಬಿಟ್ಟರ ಒಳಗ ತೆಳ್ಳಂದ ಮಂಜುಗಡ್ಡಿ ಪದರ ಕೂಡತದ. ಸಂದು ಎಲ್ಲಾ ಬೆಸದು ಇಡೀ ಗುಮ್ಮಟ ಒಂದ ತುಂಡು ಆಗತದ. ಮ್ಯಾಲ ಮನಿಶಾ ಹತ್ತಿ ನಿಂತರೂ ತಡೀತದ.

ಇನ್ನ ಲೆಕ್ಕಾ. ಗಾಳಿ ಬಡದ ಹಿಮದಾಗ ಅರ್ಧಕ್ಕಿಂತ ಹೆಚ್ಚು ಗಾಳಿನ ಇರತದ. ಅದರ ಶಾಖವಾಹಕತೆ ಸುಮಾರು 0.18 ವ್ಯಾಟ್ ಪ್ರತಿ ಮೀಟರ್ ಪ್ರತಿ ಡಿಗ್ರಿ ಹಿಡೀರಿ. ಗ್ವಾಡಿ 20 ಸೆಂಟಿಮೀಟರ್, ಹೊರಗ ಮೈನಸ್ 40, ಒಳಮೈ ಸೊನ್ನೆ. ಒಂದ ಚದರ ಮೀಟರಿಗೆ 36 ವ್ಯಾಟ್ ಹೊರಗ ಹೋಗತದ. 4 ಮೀಟರ್ ಅಡ್ಡಗಲದ ಗುಮ್ಮಟದ ಒಳಮೈ ಸುಮಾರು 25 ಚದರ ಮೀಟರ್. ಅಂದ್ರ 900 ವ್ಯಾಟ್. ಅಷ್ಟು ಶಾಖಾ ಹುಟ್ಟೂತನಕ ಒಳಮೈ ಸೊನ್ನಿ ಮುಟ್ಟೂದಿಲ್ಲ, ಕರಗೂ ಮಾತ ಇಲ್ಲ. ಆರು ಮಂದಿ ಮಲಗಿದ್ರ ಒಬ್ಬೊಬ್ಬರದು 75 ವ್ಯಾಟ್ ಹಿಡದು 450 ಆತು. ಉಳದ 450 ದೀಪದ್ದು, ಅದಕ್ಕ ತಾಸಿಗೆ 40–45 ಗ್ರಾಂ ಎಣ್ಣಿ ಸಾಕು. ಗಾಳಿ ಕಿಂಡಿ, ಬಾಗಲ ಸುರಂಗದಾಗ ಹೋಗೂ ಶಾಖಾ ಬ್ಯಾರೆ. ಕಾಗದದ ಮ್ಯಾಲಿನ ಅಂದಾಜು ಇದು, ಆದರ ಒಂದು ದೀಪಾ, ಒಂದು ಸಂಸಾರ, ಒಂದು ಗುಮ್ಮಟ ಹೆಂಗ ಸರಿಹೊಂದತಾವ ಅನ್ನೂದು ಇದರಾಗ ಕಾಣತದ.

ಹೊರಗ ಮೈನಸ್ 10 ಆತು ಅನ್ರಿ, 900 ಇದ್ದದ್ದು 225ಕ್ಕ ಇಳೀತು. ಮಂದಿ ಉಸರಾಡಿದ್ದಕ್ಕನ ಮಾಡು ಜೋಲತದ. ಅದಕ್ಕ ವಸಂತದಾಗ ಹಿಮದ ಗ್ವಾಡಿ ಉಳಿಸಿಕೊಂಡು ಮ್ಯಾಲ ಚರ್ಮದ ಮಾಡು ಹೊಚ್ಚತಾರ, ಮುಂದ ಡೇರೆಕ್ಕ ಹೋಗತಾರ.

ಇನ್ನೊಂದು ಅವಘಡ ಉಲ್ಟಾ ದಿಕ್ಕಿಂದ ಬರತದ. ದಿನಾ ದಿನಾ ಉಸಿರಿನ ಆವಿ, ಅಡಗಿ ಆವಿ ಕೂತು ಕೂತು ಒಳಗಿನ ಮಂಜಿನ ಪದರ ದಪ್ಪಾಗತದ. ಮಂಜುಗಡ್ಡಿ ಶಾಖವಾಹಕತೆ ಹಿಮಕ್ಕಿಂತ ಹತ್ತ ಪಟ್ಟಿಗೂ ಹೆಚ್ಚು. ಗ್ವಾಡಿ ಗಟ್ಟಿ ಆದಂಗೆಲ್ಲಾ ಮನೀ ಥಂಡ ಆಗತದ. ಒಂದಿಷ್ಟು ವಾರ ಆದಮ್ಯಾಲ ಬಾಜೂಕ ಹೊಸಾ ಮನೀ ಕಟ್ಟೂದು ಅದಕ್ಕ. ಬಿದ್ದ ಹೋಗಿರತದ ಅಂತಲ್ಲ.

ನೀಲಾಂಜನ

ಅದ್ಭುತ. ಹಾಗಾದ್ರೆ ನಡುವೆ ಹನಿಯೋಕೆ ಶುರುವಾದ್ರೆ ಏನ್ ಮಾಡ್ತಾರೆ? ಮತ್ತೆ ಒಳಗೆ ಸೊನ್ನೆ ಡಿಗ್ರಿಯಲ್ಲಿ ಮಕ್ಕಳು ಬರಿಮೈಲಿ ಕೂತಿರೋ ಹಳೇ ಫೋಟೋಗಳಿವೆಯಲ್ಲ?

ಧಾರವಾಡ ಮಾಸ್ತರ

ಹನಿಯೂ ಜಾಗಾಕ್ಕ ಒಂದು ಹಿಡಿ ಹಿಮಾ ಮೆತ್ತತಾರ, ಅದು ನೀರು ಹೀರಕೊಂಡು ಅಲ್ಲೇ ಅಂಟಿಕೋತದ. ಅದು ತುಂಬಿ ಭಾರಾ ಆಗೂದ್ರಾಗ ಕಿತ್ತು ಹೊಸಾದು ಹಚ್ಚಬೇಕು, ಇಲ್ಲಂದ್ರ ರಾತ್ರಿ ಮಾರಿ ಮ್ಯಾಲ ಬೀಳತದ. ಭಾಳ ಹನಿದ್ರ ಹೊರಗಿಂದ ಅಲ್ಲೆ ಹಿಮಾ ಕೆರದು ಗ್ವಾಡಿ ತೆಳ್ಳಗ ಮಾಡತಾರ, ಥಂಡಿ ಒಳಗ ತಲಪತದ.

ಮಲಗೂ ಕಟ್ಟಿ ನೆಲಕ್ಕಿಂತ ಅರ್ಧ ಮೀಟರಿನಷ್ಟು ಎತ್ತರ. ಬರೂ ಸುರಂಗದ ಬಾಯಿ ಕಟ್ಟಿಗಿಂತ ಭಾಳ ಕೆಳಗ. ಥಂಡಿ ಗಾಳಿ ಭಾರಾ, ಅದು ಕೆಳಗ ನಿಂತಬಿಡತದ. ಕಾಲ ಹತ್ರ ನೀರು ಹೆಪ್ಪುಗಟ್ಟತಿದ್ರೂ ಕಟ್ಟಿ ಮ್ಯಾಲ ಕೂತವರ ತಲಿ ಹತ್ರ ಬೆಚ್ಚಗಿರತದ. ಕೆನಡಾದ ಬ್ಯಾಫಿನ್ ದ್ವೀಪ, ಇಗ್ಲೂಲಿಕ್ ಕಡೆ ಇನ್ನೊಂದು ಉಪಾಯ ಐತಿ: ಒಳಗ ಸೀಲ್ ಚರ್ಮದ ಅಸ್ತರ ಇಳಿಬಿಡತಾರ. ದಾರಾ ಗ್ವಾಡಿಯೊಳಗಿಂದ ಹಾಯಿಸಿ ಹೊರಗ ಎಲುಬಿನ ಗುಬ್ಬಿ ಕಟ್ಟತಾರ. ಚರ್ಮಕ್ಕೂ ಹಿಮಕ್ಕೂ ನಡುವ ಒಂದಿಷ್ಟು ಗಾಳಿ ಜಾಗಾ. ಹಿಮದ ಮೈ ಸೊನ್ನಿಗಿಂತ ಕೆಳಗನ ಉಳೀತದ, ಒಳಗ 10 ಡಿಗ್ರಿ ದಾಟಿಸಬಹುದು. ನೀವು ಹೇಳೂ ಫೋಟೋದ ಗುಟ್ಟು ಇದಾ ಇರಬೇಕು.

ಬತ್ತಿ ಎಣ್ಣೆ

ದೀಪದ ಬಗ್ಗೆ ಯಾರೂ ಬರೆದಿಲ್ಲ, ಬರೇ ವ್ಯಾಟ್ ಲೆಕ್ಕ!

ಹೆಸರು ಕುಲ್ಲಿಕ್. ಬಳಪದ ಕಲ್ಲಿನಲ್ಲಿ ಕೊರೆದ ಅರ್ಧಚಂದ್ರಾಕಾರದ ಆಳವಿಲ್ಲದ ತಟ್ಟೆ. ಬೇಲೂರು ಹಳೇಬೀಡಿನ ಶಿಲ್ಪಿಗಳು ನೆಚ್ಚಿದ ಕಲ್ಲಿನ ಜಾತಿಯೇ. ಅವರು ನೆಚ್ಚಿದ್ದಕ್ಕೂ ಇವರು ನೆಚ್ಚಿದ್ದಕ್ಕೂ ಒಂದು ಕಾರಣ ಸಮಾನ, ಮೆತ್ತಗೆ ಕೊರೆಯಲು ಬರುತ್ತದೆ. ಇವರಿಗೆ ಬೇಕಾದ ಇನ್ನೆರಡು ಗುಣವೂ ಅದಕ್ಕಿದೆ: ಬೆಂಕಿಗೆ ಸೀಳುವುದಿಲ್ಲ, ಒಮ್ಮೆ ಕಾದರೆ ಬೇಗ ಆರುವುದಿಲ್ಲ. ಕಲ್ಲು ಕಾದಿರಬೇಕಾದದ್ದು ಮುಖ್ಯ, ಇಲ್ಲದಿದ್ದರೆ ಎಣ್ಣೆ ಹೆಪ್ಪುಗಟ್ಟಿ ಬತ್ತಿಗೆ ಏರುವುದಿಲ್ಲ.

ನಮ್ಮ ಹಣತೆಗೆ ಒಂದು ಬತ್ತಿ. ಇದಕ್ಕೆ ನೇರ ಅಂಚಿನ ಉದ್ದಕ್ಕೂ ಬತ್ತಿ. ಅದನ್ನು ಹೊಸೆಯುವುದಿಲ್ಲ, ಒಣ ಪಾಚಿಯ ಪುಡಿಗೆ ಹತ್ತಿಹುಲ್ಲಿನ ನಯವಾದ ಎಳೆ ಬೆರೆಸಿ ಅಂಚಿಗೆ ತೆಳು ಸಾಲಾಗಿ ಒತ್ತುತ್ತಾರೆ. ಪಾಚಿಯೊಂದೇ ಆದರೆ ಮಂಕಾಗಿ ಉರಿಯುತ್ತದೆ, ಎಳೆಯೊಂದೇ ಆದರೆ ಬೇಗ ಸುಟ್ಟು ಹೋಗುತ್ತದೆ. ಬೇಸಿಗೆಯಲ್ಲಿ ಇದನ್ನು ಕೂಡಿಡದ ಮನೆಗೆ ಚಳಿಗಾಲದಲ್ಲಿ ಎಣ್ಣೆ ಇದ್ದೂ ಉಪಯೋಗವಿಲ್ಲ.

ಎಣ್ಣೆ ಸೀಲ್‌ನ ಚರ್ಮದಡಿಯ ಕೊಬ್ಬಿನದು. ಹೆಪ್ಪುಗಟ್ಟಿದ ಕೊಬ್ಬನ್ನು ಚೆನ್ನಾಗಿ ಜಜ್ಜಿ ತಟ್ಟೆಗೆ ಹಾಕಿದರೆ ಅದರ ಕೋಶಗಳು ಒಡೆದು ಎಣ್ಣೆ ಸಲೀಸಾಗಿ ಬಿಡುತ್ತದೆ, ಜಜ್ಜದೆ ಹಾಕಿದರೆ ಕರಗಲು ಬಹಳ ಹೊತ್ತು. ಇನ್ನೊಂದು ಕ್ರಮ, ಜ್ವಾಲೆಯ ಮೇಲೆ ಕೊಬ್ಬಿನ ತುಂಡೊಂದನ್ನು ನೇತುಹಾಕುವುದು. ಜ್ವಾಲೆ ದೊಡ್ಡದಾದರೆ ಹೆಚ್ಚು ಹನಿಯುತ್ತದೆ, ಎಣ್ಣೆ ಏರಿ ಬತ್ತಿ ಮುಳುಗಿದರೆ ಜ್ವಾಲೆ ಇಳಿಯುತ್ತದೆ, ಹನಿಯುವುದೂ ಕಡಿಮೆಯಾಗುತ್ತದೆ. ರಾತ್ರಿ ದೀಪ ತನ್ನನ್ನು ತಾನೇ ನೋಡಿಕೊಳ್ಳುವ ವ್ಯವಸ್ಥೆ.

ತಟ್ಟೆಯನ್ನು ಬತ್ತಿಯ ಕಡೆಗೆ ತುಸು ವಾಲಿಸಿ ಇಡುತ್ತಾರೆ. ಹಚ್ಚುವುದು ಒಂದು ಮೂಲೆಯಲ್ಲಿ, ಆಮೇಲೆ ತಕ್ಕುತ್ ಎಂಬ ಕಡ್ಡಿಯಿಂದ ಉರಿಯನ್ನು ಅಂಚಿನುದ್ದಕ್ಕೂ ಎಳೆದುಕೊಂಡು ಹೋಗುತ್ತಾರೆ. ಸರಿಯಾದ ಜ್ವಾಲೆ ಗಿಡ್ಡ, ಸಮ, ಹೊಗೆಯಿಲ್ಲದ್ದು. ಎಲ್ಲಾದರೂ ನಾಲಿಗೆ ಚಾಚಿತೆಂದರೆ ಅಲ್ಲಿ ಬತ್ತಿ ಎತ್ತರವಾಗಿದೆ, ಕಡ್ಡಿಯಿಂದ ಒತ್ತಬೇಕು. ಮಸಿ ಕೂತರೆ ಬಟ್ಟೆ, ಗೋಡೆ, ಶ್ವಾಸಕೋಶ ಎಲ್ಲ ಹಾಳು. ದಿನವಿಡೀ ಪ್ರತಿ ಸ್ವಲ್ಪ ಹೊತ್ತಿಗೊಮ್ಮೆ ಮಾಡಬೇಕಾದ ಈ ಕೆಲಸ ಹೆಂಗಸರದು. ದೀಪ ಅವಳ ಸೊತ್ತು. ಕೆನಡಾದ ನುನಾವುತ್ ಆಡಳಿತ ಪ್ರದೇಶ 1999ರ ಏಪ್ರಿಲ್ 1ರಂದು ಹುಟ್ಟಿದಾಗ ಅದರ ಲಾಂಛನದಲ್ಲಿ ಕುಲ್ಲಿಕ್ ಬಂತು, ಈಗಲೂ ಸಭೆ ಸಮಾರಂಭ ಶುರುವಾಗುವುದು ಹಿರಿಯ ಹೆಂಗಸು ಅದನ್ನು ಹಚ್ಚಿದ ಮೇಲೆ.

ಮಾಸ್ತರರು ಬಿಟ್ಟ ಒಂದು ಸಂಗತಿ. ಎಣ್ಣೆ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಒಂದು ಲೀಟರ್ ಎಣ್ಣೆಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು. ಅದು ಹೋಗಬೇಕು, ಹೊಸ ಗಾಳಿ ಬರಬೇಕು. ಅದಕ್ಕೇ ಮಾಡಿನಲ್ಲಿ ಮುಷ್ಟಿಗಾತ್ರದ ಒಂದು ಕಿಂಡಿ. ಒಳಗೆ ಮಂಜಿನ ಪದರ ಕೂತ ಮೇಲೆ ಗೋಡೆಯಲ್ಲಿ ಗಾಳಿ ಆಡುವುದಿಲ್ಲ, ಬಿರುಗಾಳಿಗೆ ಕಿಂಡಿ ಮುಚ್ಚಿಹೋದರೆ ಉಸಿರುಗಟ್ಟಿಯೇ ಸಾವು. ಕಿಂಡಿಯ ಅಂಚಿನ ಹಿಮಹರಳನ್ನು ಆಗಾಗ ಕೆರೆಯಬೇಕು. ಪ್ರೈಮಸ್ (ಸೀಮೆಎಣ್ಣೆಯ ಪಂಪ್) ಸ್ಟೋವ್ ಬಂದ ಮೇಲೆ ಈ ಅಪಾಯ ಇನ್ನೂ ಜಾಸ್ತಿ, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದರೆ ಕಣ್ಣಿಗೂ ಮೂಗಿಗೂ ತಿಳಿಯುವುದಿಲ್ಲ.

ತುಂದ್ರಾ

ಒಂದು ತಿದ್ದುಪಡಿ, ಇಲ್ಲದಿದ್ದರೆ ಎಲ್ಲ ಇನುಯಿಟರೂ ಹೀಗೇ ಬದುಕುತ್ತಿದ್ದರು ಅಂತ ಓದುಗರು ತಿಳಿದುಕೊಂಡಾರು. ಅಲಾಸ್ಕ, ಗ್ರೀನ್‌ಲ್ಯಾಂಡಿನ ಬಹುಭಾಗದಲ್ಲಿ ಚಳಿಗಾಲದ ಮನೆ ಅಂದರೆ ಕಲ್ಲು, ಹೆಂಟೆ, ತಿಮಿಂಗಿಲದ ಎಲುಬಿನದು. ಹಿಮದ ಗುಮ್ಮಟದಲ್ಲೇ ಪೂರ್ತಿ ಚಳಿಗಾಲ ಕಳೆಯುತ್ತಿದ್ದವರು ಮುಖ್ಯವಾಗಿ ಕೆನಡಾದ ನಡು ಆರ್ಕ್ಟಿಕ್‌ನವರು. ಅಲ್ಲೂ ಹಡ್ಸನ್ ಕೊಲ್ಲಿಯ ಪಶ್ಚಿಮದ ಒಳನಾಡಿನಲ್ಲಿದ್ದ ಕ್ಯಾರಿಬು ಇನುಯಿಟರಿಗೆ ಸಮುದ್ರ ದೂರ, ಸೀಲ್ ಎಣ್ಣೆ ಕೈಗೆ ಸಿಗುವುದು ಅಪರೂಪ. ಕ್ಯಾರಿಬು ಕೊಬ್ಬು ಬೇಗ ಗಟ್ಟಿಯಾಗುತ್ತದೆ, ದೀಪಕ್ಕೆ ಒಗ್ಗುವುದಿಲ್ಲ. 1921–24ರ ಐದನೇ ತೂಲೆ ಯಾತ್ರೆ ಎಂಬ ಡೇನಿಷ್ ಅನ್ವೇಷಣೆಯವರು ಕಂಡ ಇವರ ಹಿಮಮನೆಗಳಲ್ಲಿ ಬಿಸಿಗಾಗಿ ದೀಪ ಇರಲೇ ಇಲ್ಲ ಅನ್ನಬಹುದು. ಪಕ್ಕದ ಅಡಿಗೆಗೂಡಿನಲ್ಲಿ ಕುರುಚಲು ಪೊದೆಯ ಕಡ್ಡಿ ಉರಿಸಿ ಮಾಂಸ ಬೇಯಿಸುವುದು, ಉಳಿದದ್ದೆಲ್ಲ ಬಟ್ಟೆ ಮತ್ತು ಹಾಸಿಗೆಯ ಭರವಸೆ. ಅಂದರೆ ಮನೆ, ದೀಪ ಎರಡೂ ಸೋತ ಕಡೆಯೂ ಬಟ್ಟೆಯೊಂದೇ ಜನರನ್ನು ಉಳಿಸಿದೆ. ಆ ಬಗ್ಗೆ ಬಲ್ಲವರು ಬರೆಯಲಿ.

ಸೂಜಿದಾರ

ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಬಟ್ಟೆ ಕ್ಯಾರಿಬು ಚರ್ಮದ್ದು. ಅದರ ಕೂದಲಿನ ಒಳಗೆ ಗಾಳಿ ತುಂಬಿದ ಗೂಡುಗಳಿರ್ತವೆ, ಅದರಿಂದ ಹಗುರ, ಬೆಚ್ಚಗೆ. ಪೂರ್ತಿ ಜೊತೆ ನಾಲ್ಕು ಕಿಲೋ ಆಸುಪಾಸು ತೂಗುತ್ತೆ ಅಷ್ಟೆ. ಆದರೆ ಎಲ್ಲ ತಿಂಗಳ ಚರ್ಮವೂ ಆಗಲ್ಲ. ಒಂದು ಜಾತಿಯ ನೊಣದ ಹುಳು ಚಳಿಗಾಲವಿಡೀ ಪ್ರಾಣಿಯ ಬೆನ್ನಿನ ಚರ್ಮದಡಿ ಬೆಳೆದು, ಬೇಸಿಗೆ ಶುರುವಿನಲ್ಲಿ ತೂತು ಕೊರೆದು ಹೊರಬರುತ್ತೆ. ಆಗ ಚರ್ಮ ಜರಡಿ, ಜೊತೆಗೆ ಹಳೇ ಕೂದಲು ಉದುರೋ ಕಾಲ. ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ತೂತು ಮಾಯ್ದಿರುತ್ತೆ, ಹೊಸ ಕೂದಲು ಗಿಡ್ಡ, ದಟ್ಟ. ಉಡುಪಿಗೆ ಅದೇ ಬೇಕು. ಅಕ್ಟೋಬರ್ ನಂತರದ ಚರ್ಮದ ಕೂದಲು ಉದ್ದ, ಅದು ಹಾಸಿಗೆಗೆ. ದೊಡ್ಡವರ ಒಂದು ಜೊತೆ ಬಟ್ಟೆಗೆ ಐದರಿಂದ ಎಂಟು ಚರ್ಮ. ಐದು ಜನರ ಮನೆಗೆ ಲೆಕ್ಕ ಹಾಕಿ, ಅದೂ ಆ ಕೆಲವೇ ವಾರದಲ್ಲಿ ಸಿಗಬೇಕು. ಆ ವರ್ಷ ಹಿಂಡು ದಾರಿ ಬದಲಿಸಿದರೆ ಹಸಿವಿಗಿಂತ ಮೊದಲು ಬಟ್ಟೆಯ ಚಿಂತೆ.

ಹದ ಮಾಡೋದಕ್ಕೆ ಉಪ್ಪು, ತೊಗಟೆ ರಸ ಏನೂ ಇಲ್ಲ. ಚರ್ಮವನ್ನು ಕೂದಲು ಕೆಳಗಾಗಿ ನೆಲದ ಮೇಲೆ ಹರಡಿ, ಅಂಚಿಗೆ ಕಲ್ಲು ಹೇರಿ ಒಣಗಿಸ್ತಾರೆ. ಮೇಲಿನ ಪೊರೆ ಕೆರೆದು ತೆಗೀತಾರೆ. ರಾತ್ರಿ ಅದನ್ನು ಬರಿಮೈಗೆ ಸುತ್ತಿಕೊಂಡು ಮಲಗಿ ಮೈಬಿಸಿಯಿಂದ ಮೆತ್ತಗೆ ಮಾಡೋ ಪದ್ಧತಿಯೂ ಇದೆ. ಆಮೇಲೆ ಮೊಂಡು ಕೆರೆಸಲಿನಿಂದ ಒತ್ತಿ ಒತ್ತಿ ಚರ್ಮದ ಎಳೆ ಮುರೀಬೇಕು, ನೀರು ಸವರಿ ಮಡಚಿಟ್ಟು, ಕೊನೆಗೆ ಹರಿತ ಕೆರೆಸಲಿನಲ್ಲಿ ತೆಳ್ಳಗೆ ಮಾಡಬೇಕು. ಇಲ್ಲಿ ಆತುರಪಟ್ಟರೆ ಕೂದಲ ಬುಡ ಕುಯ್ದುಹೋಗುತ್ತೆ, ನಾಲ್ಕು ದಿನಕ್ಕೆ ಬೋಳು ತೇಪೆ.

ಉಡುಪು ಎರಡು ಪದರ. ಒಳಗಿನದು, ಅತಿಗಿ, ಕೂದಲು ಮೈಗೆ ತಾಗೋ ಹಾಗೆ. ಹೊರಗಿನದು, ಕುಲಿತ್ತಾಕ್, ಕೂದಲು ಹೊರಕ್ಕೆ. ಎದುರು ಸೀಳಿಲ್ಲ, ಗುಂಡಿಯಿಲ್ಲ, ತಲೆ ಮೇಲಿಂದ ಹಾಕ್ಕೋಬೇಕು. ಬಲುಸಡಿಲು. ಬೆಚ್ಚನೆ ಗಾಳಿ ಮೇಲಕ್ಕೆ ಏರೋದ್ರಿಂದ ಉಡುಪಿಗೇ ಹೊಲಿದ ಟೊಪ್ಪಿ, ಕತ್ತು ಮುಚ್ಚಿದ್ರೆ ಒಳಗೇ ನಿಲ್ಲುತ್ತೆ. ನಾಯಿ ಎಳೆಯೋ ಹಿಮಬಂಡಿ ಪಕ್ಕ ಓಡಿ ಮೈ ಬಿಸಿಯಾದಾಗ ಟೊಪ್ಪಿ ಹಿಂದಕ್ಕೆ ತಳ್ಳಿದರೆ ಸಾಕು, ಬಿಸಿ ಗಾಳಿ ಕತ್ತಿನಿಂದ ಹೊರಗೆ, ತಣ್ಣನೆ ಗಾಳಿ ಕೆಳಗಿನ ಅಂಚಿನಿಂದ ಒಳಗೆ. ಇಡೀ ಉಡುಪಿನ ಲೆಕ್ಕಾಚಾರ ಬೆವರಿನದು. ಬೆವರು ಚರ್ಮಕ್ಕೆ ಇಳಿದು ಹೆಪ್ಪುಗಟ್ಟಿದರೆ ಎಂಥ ಬಟ್ಟೆಯೂ ಹಲಗೆ. ಅದಕ್ಕೇ ಬೇಟೆಗಾರ ಬೆವರೋ ಮುಂಚೆ ನಿಧಾನ ಮಾಡ್ತಾನೆ ಅಥವಾ ಹೊರಪದರ ಕಳಚಿ ಬಂಡಿಗೆ ಹಾಕ್ತಾನೆ. ನಾರ್ವೆಯ ಅನ್ವೇಷಕ ರೋಆಲ್ ಅಮುಂಡ್ಸೆನ್ 1903–05ರಲ್ಲಿ ಕೆನಡಾದ ಕಿಂಗ್ ವಿಲಿಯಂ ದ್ವೀಪದಲ್ಲಿ ಎರಡು ಚಳಿಗಾಲ ಹಡಗು ನಿಲ್ಲಿಸಿದ್ದಾಗ ನೆಟ್ಸಿಲಿಕ್ ಜನರಿಂದ ಕಲಿತದ್ದು ಈ ಸಡಿಲು ಉಡುಪಿನ ಪಾಠ. 1911ರಲ್ಲಿ ದಕ್ಷಿಣ ಧ್ರುವಕ್ಕೆ ಹೊರಟಾಗ ಅದು ಜೊತೆಗಿತ್ತು.

ಕಾಲಿಗೆ ನಾಲ್ಕೈದು ಪದರ ಇರಬಹುದು: ಕೂದಲು ಒಳಗಿರೋ ಕಾಲುಚೀಲ, ಕೂದಲು ಹೊರಗಿರೋದು ಇನ್ನೊಂದು, ಮೇಲೆ ಗಿಡ್ಡ ಚಪ್ಪಲಿಯಂಥದ್ದು, ಆಮೇಲೆ ಬೂಟು. ಬೂಟು, ಕೈಗವಸಿಗೆ ಕ್ಯಾರಿಬು ಕಾಲಿನ ಚರ್ಮ, ಏಕೆಂದರೆ ಅಲ್ಲಿ ಕೂದಲು ಗಿಡ್ಡ, ಸವೆಯಲ್ಲ. ಉಸಿರುತೂತಿನ ಬಳಿ ನಿಲ್ಲೋವನು ಕಾಲಡಿಗೆ ಒಂದು ತುಂಡು ತುಪ್ಪಳ ಹಾಸಿಕೊಳ್ತಾನೆ, ಕಾಲೂ ಬೆಚ್ಚಗೆ, ಹಿಮ ಕಿರುಗುಟ್ಟೋ ಸದ್ದೂ ಕೆಳಗಿರೋ ಸೀಲ್‌ಗೆ ಕೇಳಲ್ಲ. ಟೊಪ್ಪಿ ಅಂಚಿಗೆ ತೋಳ ಅಥವಾ ವುಲ್ವರೀನ್ ಅನ್ನೋ ಉತ್ತರದ ಕಾಡುಪ್ರಾಣಿಯ ತುಪ್ಪಳ. ವುಲ್ವರೀನ್‌ನದರ ಮೇಲೆ ಕೂತ ಉಸಿರಿನ ಹಿಮವನ್ನು ಕೈಯಲ್ಲಿ ಒರೆಸಿದರೆ ಉದುರುತ್ತೆ.

ಹೊಲಿಗೆಯ ದಾರ ಕ್ಯಾರಿಬು ಬೆನ್ನಿನ ಉದ್ದ ಸ್ನಾಯುವಿನ ಮೇಲಿರೋ ತಂತುವಿನದು. ಒಣಗಿಸಿ ಉಗುರಲ್ಲಿ ಎಳೆ ಎಳೆಯಾಗಿ ಸೀಳ್ತಾರೆ. ಇದರ ಗುಣ ಹತ್ತಿದಾರಕ್ಕಿಲ್ಲ: ಒದ್ದೆಯಾದಾಗ ಉಬ್ಬಿ ಸೂಜಿತೂತನ್ನು ಮುಚ್ಚುತ್ತೆ. ಸೀಲ್ ಚರ್ಮದ ಬೂಟಿಗೆ ಅಷ್ಟೂ ಸಾಲದು, ಅದಕ್ಕೆ ಬೇರೆಯದೇ ಹೊಲಿಗೆ. ಎರಡು ಚರ್ಮದ ಅಂಚು ಒಂದರ ಮೇಲೊಂದು ತುಸು ಹಾಯೋ ಹಾಗೆ ಇಟ್ಟು, ಸೂಜಿಯನ್ನು ಮೇಲಿನ ಚರ್ಮದ ಮೂಲಕ ಇಳಿಸಿ ಕೆಳಗಿನದರ ಅರ್ಧ ದಪ್ಪದವರೆಗೆ ಮಾತ್ರ ಚುಚ್ಚಿ ಮೇಲಕ್ಕೆ ಎತ್ತುತ್ತಾರೆ. ಒಂದು ಸಾಲು ಹೀಗೆ ಮುಗಿದ ಮೇಲೆ ತಿರುಗಿಸಿ ಆ ಕಡೆಯ ಅಂಚನ್ನೂ ಹಾಗೇ. ಎರಡೂ ಚರ್ಮವನ್ನು ದಾಟೋ ಒಂದು ತೂತೂ ಇರಲ್ಲ, ನೀರು ಬರೋಕೆ ದಾರಿಯೇ ಇಲ್ಲ. ಸೂಜಿ ಒಂದು ಕೂದಲೆಳೆಯಷ್ಟು ಹೆಚ್ಚು ಆಳ ಹೋದರೂ ಅಲ್ಲಿ ಬೂಟು ಸೋರುತ್ತೆ. ಪರೀಕ್ಷೆ ಸುಲಭ, ಬೂಟಿಗೆ ಗಾಳಿ ಊದಿ ಬಾಯಿ ಹಿಡಿದು ಕೆನ್ನೆ ಹತ್ತಿರ ತಂದರೆ ಸಾಕು.

ಈ ಎಲ್ಲ ಕ್ಯಾರಿಬು ಹೊಲಿಗೆ ಶರತ್ಕಾಲದಲ್ಲಿ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸೀಲ್ ಬೇಟೆಗೆ ಹೋಗೋ ಮುಂಚೆ ಮುಗೀಬೇಕಿತ್ತು. ನೆಲದ ಪ್ರಾಣಿ, ಕಡಲ ಪ್ರಾಣಿ ಬೆರೆಸಬಾರದು ಅನ್ನೋ ಕಟ್ಟುನಿಟ್ಟು ನಿಷೇಧ ಇಗ್ಲೂಲಿಕ್, ನೆಟ್ಸಿಲಿಕ್ ಕಡೆ ಇತ್ತು. ಗಡುವಿನೊಳಗೆ ಮನೆಮಂದಿಯ ಬಟ್ಟೆ ತಯಾರಾಗೋದಕ್ಕೆ ಇದೂ ಒಂದು ಬಲ.

ನೀಲಾಂಜನ

ಕೂಸನ್ನು ಬೆನ್ನ ಮೇಲೆ ಹೊರೋ ಉಡುಪು ಬೇರೆ ಅಲ್ವಾ?

ಸೂಜಿದಾರ

ಹೌದು, ಅಮೌತಿ. ಟೊಪ್ಪಿಯೊಳಗೆ ಕೂಸು ಕೂತಿರುತ್ತೆ ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಅಲ್ಲ, ಟೊಪ್ಪಿಯ ಕೆಳಗೆ ಬೆನ್ನಿನ ಮೇಲೆ ಪ್ರತ್ಯೇಕ ಚೀಲ ಇದೆ. ಕೂಸು ತಾಯಿಯ ಬೆನ್ನಿಗೆ ಅಂಟಿಕೊಂಡಿರುತ್ತೆ, ಸೊಂಟದ ಮೇಲೆ ಕಟ್ಟೋ ಪಟ್ಟಿ ಅದು ಕೆಳಗೆ ಜಾರದಂತೆ ತಡೆಯುತ್ತೆ. ಭುಜ ಅಷ್ಟು ಅಗಲ ಇರೋದು ಚಂದಕ್ಕಲ್ಲ. ತೋಳನ್ನು ಒಳಗೆಳೆದುಕೊಂಡು, ಕೂಸನ್ನು ಉಡುಪಿನ ಒಳಗಿಂದಲೇ ಎದೆಗೆ ತಿರುಗಿಸಿ ಹಾಲು ಕುಡಿಸಬಹುದು, ಹೊರಗಿನ ಗಾಳಿ ಸೋಕದೆ.

ತುಂದ್ರಾ

ಒಣಗಿಸೋ ಭಾಗ ಬಿಟ್ಟಿದೆ, ಅದು ಇಡೀ ಉತ್ತರ ಧ್ರುವ ಸೀಮೆಗೆ ಸಾಮಾನ್ಯ. ಮನೆಯೊಳಗೆ ನುಗ್ಗುವ ಮುಂಚೆ ಸುರಂಗದಲ್ಲೇ ಎಲುಬು, ಕೊಂಬು ಅಥವಾ ಮರದ ಕೋಲಿನಿಂದ ಬಟ್ಟೆ ಬಡಿದು ಹಿಮ ಉದುರಿಸಬೇಕು. ಬಡಿಯದೆ ಒಳಗೆ ಬಂದರೆ ಅದು ಕರಗಿ ಕೂದಲ ಬುಡಕ್ಕೆ ಇಳಿಯುತ್ತದೆ, ಬೆಳಿಗ್ಗೆ ಹೊರಗೆ ಕಾಲಿಟ್ಟೊಡನೆ ಗಡುಸು. ಸೈಬೀರಿಯಾದ ಯಮಾಲ್‌ನ ನೆನೆತ್ಸ್ ಹಿಮಸಾರಂಗ ಪಾಲಕರಲ್ಲೂ ಇದೇ ಕೋಲು, ಹೆಸರು ಯಂಗಾಚ್, ಡೇರೆಯ ಬಾಗಿಲಲ್ಲಿ ಯಾವಾಗಲೂ ಇರುತ್ತದೆ. ಉಡುಪಿನ ತರ್ಕವೂ ಅದೇ: ಮಾಲಿತ್ಸ ಕೂದಲು ಒಳಗೆ, ಕಡುಚಳಿಗೆ ಅದರ ಮೇಲೆ ಸೋವಿಕ್ ಕೂದಲು ಹೊರಗೆ.

ಸ್ಕ್ಯಾಂಡಿನೇವಿಯಾದ ಸಾಮಿ ಜನ ಕಾಲಿನ ತೇವಕ್ಕೆ ಹುಲ್ಲನ್ನು ನಂಬಿದರು. ನೀರಿನಂಚಿನ ಒಂದು ಜಾತಿ ಜೇಕುಹುಲ್ಲನ್ನು ಬೇಸಿಗೆಯಲ್ಲಿ ಕೊಯ್ದು, ಬಡಿದು ಮೆತ್ತಗೆ ಮಾಡಿ, ಬಾಚಿ, ಸುತ್ತಿ ಕೂಡಿಡುತ್ತಾರೆ. ಕಾಲುಚೀಲದ ಬದಲು ಅದನ್ನೇ ತುಪ್ಪಳದ ಬೂಟಿನೊಳಗೆ ಪಾದದ ಸುತ್ತ ತುಂಬುವು‌ದು. ಸಂಜೆ ಹೊರತೆಗೆದು ಕೊಡವಿ ಬೆಂಕಿ ಪಕ್ಕ ಒಣಗಿಸಿದರೆ ಮರುದಿನಕ್ಕೆ ಸಿದ್ಧ. ತುಂಬುವಾಗ ಹಿಮ್ಮಡಿಯಡಿ ಗಂಟಾದರೆ ಮಧ್ಯಾಹ್ನದೊಳಗೆ ಬೊಬ್ಬೆ.

ಇನುಯಿಟ್ ಮನೆಯಲ್ಲಿ ಒಣಗಿಸುವ ಜಾಗ ದೀಪದ ಮೇಲಿನ ಜಾಲರಿ. ಬೂಟು, ಕಾಲುಚೀಲ, ಕೈಗವಸು ಒಳಮೈ ಹೊರಗಾಗಿ ರಾತ್ರಿಯೆಲ್ಲ ಅಲ್ಲಿ. ಜ್ವಾಲೆಗೆ ತೀರ ಹತ್ತಿರವಾದರೆ ಚರ್ಮ ಸುರುಟಿ ಗಡುಸಾಗುತ್ತದೆ, ಆಮೇಲೆ ಏನು ಮಾಡಿದರೂ ಹಿಂದಿನ ಮೆದುತನ ಬರುವುದಿಲ್ಲ. ಒಣಗಿ ಬಿಗಿಯಾದ ಸೀಲ್ ಚರ್ಮದ ಅಟ್ಟೆಯನ್ನು ಬೆಳಿಗ್ಗೆ ಹೆಂಗಸರು ಹಲ್ಲಿನಲ್ಲಿ ಅಗಿದು ಮೆತ್ತಗೆ ಮಾಡುತ್ತಿದ್ದರು.

ಕಮಾನುಗಾರ

ಅಂದ್ರೆ ದೀಪದ ಮೊದಲ ಕೆಲಸ ಬೆಳಕೂ ಅಲ್ಲ, ಅಡಿಗೆಯೂ ಅಲ್ಲ, ಒಣಗಿಸೋದು. ಮನೆ ಸೊನ್ನೆ ಡಿಗ್ರಿಯಲ್ಲಿದ್ರೂ ನಡೆಯುತ್ತೆ, ಬೂಟು ಒದ್ದೆ ಇದ್ರೆ ನಡೆಯಲ್ಲ.

ಹೊಸಬ 27

ಈಗ ಒಳ್ಳೊಳ್ಳೆ ಡೌನ್ (ಹಕ್ಕಿಯ ಮೆದುಪುಕ್ಕ ತುಂಬಿದ) ಜಾಕೆಟ್ ಸಿಗುವಾಗ ಇದೆಲ್ಲ ಯಾರು ಹಾಕ್ತಾರೆ ಸರ್? ಮತ್ತೆ ಅಂಥ ಒಂದು ಪಾರ್ಕಾ (ಟೊಪ್ಪಿಯಿರೋ ಮೇಲುಡುಪು) ನಮ್ಮಂಥವರು ಕೊಂಡುತಂದರೆ ಬೀರುವಿನಲ್ಲಿ ಎಷ್ಟು ವರ್ಷ ಬಾಳುತ್ತೆ?

ಸೂಜಿದಾರ

ಊರೊಳಗೆ ಓಡಾಡೋಕೆ ಎಲ್ಲರದೂ ಅಂಗಡಿ ಜಾಕೆಟ್ಟೇ. 1950–60ರ ದಶಕದಲ್ಲಿ ಜನ ಸರ್ಕಾರಿ ಮನೆಗಳಿರೋ ಊರುಗಳಿಗೆ ಬಂದು ನೆಲೆಸಿದ ಮೇಲೆ ಹಿಮಮನೆ ಬೇಟೆಯ ದಾರಿಯ ತಂಗುಮನೆಯಾಗಿ ಉಳೀತು, ಬಟ್ಟೆಯೂ ಹಾಗೇ. ಆದರೆ ಹಿಮವಾಹನದ ಮೇಲೆ ಹಗಲಿಡೀ ಗಾಳಿಗೆ ಎದುರು ಕೂರೋವಾಗ, ರಾತ್ರಿ ಹೊರಗೆ ಉಳಿಯೋವಾಗ ಇವತ್ತಿಗೂ ಕ್ಯಾರಿಬು ಹಾಕೋರಿದ್ದಾರೆ. ಡೌನ್ ಒಳಗೆ ಮೈಯ ಆವಿ ಸೇರಿ ದಿನದಿಂದ ದಿನಕ್ಕೆ ಮಂಜಾಗುತ್ತೆ, ಒಣಗಿಸೋಕೆ ಬಿಸಿಕೋಣೆ ಬೇಕು. ಕ್ಯಾರಿಬುವಿನದನ್ನು ಬಡಿದರೆ ಬಹುಪಾಲು ಉದುರುತ್ತೆ. ಈಗಿನ ತೊಂದರೆ ಚರ್ಮದ್ದು. ಬ್ಯಾಫಿನ್ ದ್ವೀಪದಲ್ಲಿ ಹಿಂಡು ತೀರಾ ಇಳಿದು 2015ರಲ್ಲಿ ಬೇಟೆಯನ್ನೇ ನಿಲ್ಲಿಸಿ, ಆಮೇಲೆ ಮಿತಿ ಹಾಕಿ ಬಿಟ್ಟರು.

ಬೀರು ಮಾತ್ರ ಬೇಡವೇ ಬೇಡ. ಇದು ಹದ ಮಾಡಿದ ತೊಗಲಲ್ಲ, ಹಸಿ ಚರ್ಮ ಒಣಗಿಸಿದ್ದು. ಬೆಚ್ಚಗಿನ ಮನೆಯಲ್ಲಿ ನೇತುಹಾಕಿದರೆ ಕೂದಲು ಉದುರೋಕೆ ಶುರು, ಬೆಂಗಳೂರಿನ ಮಳೆಗಾಲಕ್ಕೆ ಬೂಷ್ಟು, ಹುಳ ಎರಡೂ. ಅಲ್ಲಿಯವರೇ ಚಳಿಗಾಲದಲ್ಲಿ ಅದನ್ನು ಬಿಸಿಮನೆಯೊಳಗೆ ತರಲ್ಲ, ಹೊರಗಿನ ತಣ್ಣನೆ ಜಗಲಿಕೋಣೆಯಲ್ಲಿ ಬಿಡ್ತಾರೆ. ಬೇಸಿಗೆಗೆ ಬಡಿದು, ಚೆನ್ನಾಗಿ ಒಣಗಿಸಿ, ಚೀಲಕ್ಕೆ ಹಾಕಿ ಡೀಪ್ ಫ್ರೀಜರ್‌ನಲ್ಲಿ ಇಡ್ತಾರೆ. ಒದ್ದೆ ಇರೋವಾಗ ಇಟ್ಟರೆ ಮಡಿಕೆಯಲ್ಲಿ ಬಿರುಕು ಬಿಡುತ್ತೆ. ಇಷ್ಟು ನೋಡಿಕೊಂಡರೂ ದಿನಬಳಕೆಯ ಹೊರಪಾರ್ಕಾ ಬಾಳೋದು ಒಂದೆರಡು ಚಳಿಗಾಲ.